ಬೆಳ್ಳಿ ಬಿದ್ದಾಗ ನೋಡಬೇಕಾದ್ದು

ಬೆಳ್ಳಿ ಏರಿದಾಗ ಎಲ್ಲರೂ ಸೋಲಾರ್ ಪ್ಯಾನೆಲ್, ಎಲೆಕ್ಟ್ರಿಕ್ ಕಾರು ಅಂತಾರೆ. ಬೇಡಿಕೆ ನಿಜವೇ. ಆದರೆ ಅದೇ ಬೆಳ್ಳಿ ನಾಲ್ಕೇ ದಿನದಲ್ಲಿ ಮಕಾಡೆ ಬೀಳೋದು ಯಾಕೆ ಅಂತ ತಿಳಿಯೋಕೆ ಸಾಲದ ಕಡೆ ನೋಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಅಮೆರಿಕದ ಟೆಕ್ಸಸ್‌ನ ತೈಲ ಸಿರಿವಂತರಾದ ಹಂಟ್ ಸಹೋದರರ ಕತೆಯನ್ನೇ ನೋಡಿ. ಸಾಲ ಎತ್ತಿ ಎತ್ತಿ ಬೆಳ್ಳಿ ಕೂಡಿಹಾಕಿದರು. 1979ರ ಶುರುವಿನಲ್ಲಿ ಔನ್ಸಿಗೆ (ಸುಮಾರು 31 ಗ್ರಾಂ) 6 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 1980ರ ಜನವರಿಗೆ 50ರ ಹತ್ತಿರ ಬಂತು. ಅದೇ ತಿಂಗಳು ನ್ಯೂಯಾರ್ಕಿನ ಲೋಹ ವಹಿವಾಟಿನ ಎಕ್ಸ್‌ಚೇಂಜ್ ಕಾಮೆಕ್ಸ್, ಸಾಲದ ಮೇಲಿನ ಖರೀದಿಗೆ ಕಡಿವಾಣ ಹಾಕಿತು. ಮಾರ್ಚ್ 27ರ ಗುರುವಾರ ಒಂದೇ ದಿನದಲ್ಲಿ ಬೆಲೆ ಸುಮಾರು ಅರ್ಧಕ್ಕೆ ಕುಸಿದು 11 ಡಾಲರಿಗೆ ಇಳಿಯಿತು. ಅವತ್ತು ಗಣಿಯಲ್ಲಿ ಏನೂ ಬದಲಾಗಿರಲಿಲ್ಲ. ಮಾರ್ಜಿನ್ ಹಣ, ಅಂದರೆ ಸಾಲದ ಮೇಲೆ ಕೊಂಡವರು ಇಡಬೇಕಾದ, ಬೆಲೆ ಬಿದ್ದರೆ ಮತ್ತೆ ತುಂಬಬೇಕಾದ ಠೇವಣಿ, ಅದನ್ನ ಕಟ್ಟೋಕೆ ಹಂಟ್ ಸಹೋದರರ ಕೈಲಿ ಆಗಲಿಲ್ಲ, ಅಷ್ಟೇ.

2011ರಲ್ಲೂ ಹಾಗೇ. ಏಪ್ರಿಲ್ ಕೊನೆಗೆ ಮತ್ತೆ 50ರ ಸಮೀಪ, ಎಕ್ಸ್‌ಚೇಂಜ್ ಮೇಲಿಂದ ಮೇಲೆ ಮಾರ್ಜಿನ್ ಏರಿಸಿತು, ಮೇ ಮೊದಲ ವಾರದಲ್ಲೇ ಕಾಲು ಭಾಗಕ್ಕಿಂತ ಹೆಚ್ಚು ಕರಗಿಹೋಯಿತು.

ಚಿನ್ನದ ಮುಂದೆ ಬೆಳ್ಳಿ ಮಾರುಕಟ್ಟೆ ತುಂಬ ಚಿಕ್ಕದು, ದೊಡ್ಡ ದುಡ್ಡು ನುಗ್ಗಿದರೆ ತಡ್ಕೊಳ್ಳಲ್ಲ. ಇನ್ನೊಂದು ತೊಡಕು: ಬಹುಪಾಲು ಬೆಳ್ಳಿ ಸೀಸ, ಸತು, ತಾಮ್ರ, ಚಿನ್ನದ ಗಣಿಗಳ ಉಪಉತ್ಪನ್ನ. ಬೆಳ್ಳಿ ದುಬಾರಿ ಆಯ್ತು ಅಂತ ಯಾರೂ ಸತುವಿನ ಗಣಿಯನ್ನ ಹೆಚ್ಚು ಅಗೆಯಲ್ಲ, ಹಾಗಾಗಿ ಪೂರೈಕೆ ಬೇಗ ಏರಲ್ಲ. ನಮ್ಮಲ್ಲಿ ಇದರ ಮೇಲೆ ರೂಪಾಯಿ-ಡಾಲರ್ ಏರಿಳಿತ, ಆಮದು ಸುಂಕ ಬೇರೆ.

ಮಗಳಿಗೆ ಕಾಲ್ಗೆಜ್ಜೆ, ಪೂಜೆಗೆ ದೀಪ ಕೊಳ್ಳೋರ ಬಗ್ಗೆ ನನಗೆ ಚಿಂತೆಯಿಲ್ಲ. ಸಾಲ ಮಾಡಿ ಫ್ಯೂಚರ್ಸ್‌ಗೆ (ಮುಂದಿನ ದಿನಕ್ಕೆ ಇವತ್ತೇ ಬೆಲೆ ಕಟ್ಟೋ ವ್ಯವಹಾರ) ಇಳಿದ ಹುಡುಗರನ್ನ ಕಂಡರೆ ಮಾತ್ರ ನಿಜಕ್ಕೂ ಸಂಕಟ ಆಗುತ್ತೆ.