ಮೇಷ್ಟ್ರ ಪಾಲುಪಟ್ಟಿ

ಮೇಷ್ಟ್ರು ಹೋಗ್ಬಿಟ್ರು ಅಂತ ನಮ್ಮ 1986ರ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಬೆಳಿಗ್ಗೆ ಆರಕ್ಕೇ ಮೆಸೇಜ್ ಬಂದಿತ್ತು. ಕಾಫಿ ಹಿಡ್ಕೊಂಡು ಸುಮ್ನೆ ಕೂತೆ. ಮೈಸೂರು ಯೂನಿವರ್ಸಿಟಿ ಕ್ಯಾಂಪಸ್ಸು ಮಾನಸಗಂಗೋತ್ರಿಲಿ ಎರಡು ವರ್ಷ ಎಂ.ಎ. ಇತಿಹಾಸ ಓದಿದ್ದು ಏನೇನು ಅಂತ ಈಗ ಕೇಳಿದ್ರೆ ದೇವರಾಣೆ ನೆನಪಿಲ್ಲ, ಆದ್ರೆ ಅವರು ಹೇಳ್ತಿದ್ದ ಮೈಸೂರು ವಿಶ್ವವಿದ್ಯಾನಿಲಯದ ಪಾಲುಪಟ್ಟಿ ಮಾತ್ರ ಇವತ್ತಿಗೂ ಬಾಯಿಪಾಠ.

ಅವರ ಲೆಕ್ಕದಲ್ಲಿ ಯೂನಿವರ್ಸಿಟಿ ಅಂದ್ರೆ ಒಂದು ಅವಿಭಕ್ತ ಕುಟುಂಬ. 1916ಕ್ಕೆ ಮೊದಲು ನಮ್ಮ ಹುಡುಗ್ರು ಮದ್ರಾಸ್ ಯೂನಿವರ್ಸಿಟಿ ಪರೀಕ್ಷೆ ಬರೀಬೇಕಿತ್ತು, ಅದು "ಬಾಡಿಗೆ ಮನೆ ಸಂಸಾರ". ನಾಲ್ವಡಿಯವರು, ದಿವಾನ್ ವಿಶ್ವೇಶ್ವರಯ್ಯನವರು ಸೇರಿ ಜುಲೈ 27ಕ್ಕೆ ಗೃಹಪ್ರವೇಶ ಮಾಡಿದ್ರು, ಎಚ್.ವಿ. ನಂಜುಂಡಯ್ಯನವರು ಮೊದಲ ಯಜಮಾನ್ರು, ಅಂದ್ರೆ ಉಪಕುಲಪತಿ, ಮೈಸೂರಲ್ಲಿ ಮಹಾರಾಜಾ ಕಾಲೇಜು, ಬೆಂಗಳೂರಲ್ಲಿ ಸೆಂಟ್ರಲ್ ಕಾಲೇಜು, ಇವೆರಡು ಮನೆ ಕಂಬ. ಮಹಾರಾಜಾ ಕಾಲೇಜಲ್ಲೇ ಓದಿ ಅಲ್ಲೇ ಪ್ರಿನ್ಸಿಪಾಲರೂ ಆಗಿದ್ದ ಕುವೆಂಪು 1956ರಲ್ಲಿ ಉಪಕುಲಪತಿ ಆದ್ರು (ಆಗ ಹಾಗೇ ಕರೀತಿದ್ರು, ಈಗ 'ಉಪ' ಉದುರಿಹೋಗಿ ಕುಲಪತಿ ಆಗಿದೆ), 1960ರಲ್ಲಿ ಗಂಗೋತ್ರಿ ಎದ್ದಿತು. "ಮನೆ ದೊಡ್ಡದಾಯ್ತು ಅಂದ್ರೆ ಪಾಲು ಕೇಳೋರು ಬಂದ್ರು ಅಂತಲೇ ಅರ್ಥ ಕಣಯ್ಯ" ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆಯೋರು. 1964ರಲ್ಲಿ ಬೆಂಗಳೂರು ಬೇರೆ ಆಯ್ತು, ಸೆಂಟ್ರಲ್ ಕಾಲೇಜೂ ಅದರ ಜೊತೇಲೇ ಹೋಯ್ತು. 1980ರಲ್ಲಿ ಕೊಣಾಜೆಯ ಸ್ನಾತಕೋತ್ತರ ಕೇಂದ್ರ ಮಂಗಳೂರು ಯೂನಿವರ್ಸಿಟಿ ಆಯ್ತು. "ಮುಂದಿನ ಪಾಲು ಶಿವಮೊಗ್ಗದ್ದು, ಬರ್ಕೋ" ಅಂದಿದ್ರು, ನಾವು ಪಾಸಾಗಿ ಹೊರಗೆ ಬಂದ ಮರುವರ್ಷವೇ, 1987ರಲ್ಲಿ, ಕುವೆಂಪು ವಿಶ್ವವಿದ್ಯಾನಿಲಯ ಆಯ್ತು!

ಈಗ ನಮ್ಮ ಕಿತಾಪತಿ. 1985ರ ಆಷಾಢ ಶುಕ್ರವಾರ, ಚಾಮುಂಡಿ ಬೆಟ್ಟ ಹತ್ತಬೇಕು, ಭಕ್ತಿ ಅಷ್ಟೇನಿಲ್ಲ ಪ್ರಸಾದದ ಮೇಲೇ ಕಣ್ಣು. ಮೇಷ್ಟ್ರು ಕ್ಲಾಸ್ ಬಿಡೋ ಪೈಕಿ ಅಲ್ಲ. ನಾವು ಮೂರು ಜನ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ ಒಂದು ಸುತ್ತೋಲೆ ಟೈಪ್ ಮಾಡ್ಸಿದ್ವಿ. "ಮಾನ್ಯ ಕುಲಸಚಿವರ ಆದೇಶದ ಮೇರೆಗೆ ದಿನಾಂಕ ಇಂತಿಂಥದ್ದರಂದು ತರಗತಿಗಳು ನಡೆಯುವುದಿಲ್ಲ." ಕುಲಸಚಿವರು ಅಂದ್ರೆ ರಿಜಿಸ್ಟ್ರಾರು. ಒಕ್ಕಣೆ ನಂದೇ, ಹೇಳ್ಕೋಬಾರ್ದು, ಆಗ್ಲೇ ಆಫೀಸ್ ಭಾಷೆ ನಂಗೆ ಚೆನ್ನಾಗಿ ಕೂತಿತ್ತು. ನೋಟಿಸ್ ಬೋರ್ಡಿಗೆ ಅಂಟಿಸಿ ಬೆಟ್ಟ ಹತ್ತಿದ್ವಿ.

ಸೋಮವಾರ ಬಂದು ನೋಡಿದ್ರೆ ಸುತ್ತೋಲೆ ಅಲ್ಲೇ ಇತ್ತು, ತುಂಬಾ ಕೆಂಪು ಇಂಕು. ಕುಲಸಚಿವರು ಅನ್ನೋದಕ್ಕೆ ಅಡ್ಡಗೆರೆ ಎಳೆದು 'ಅಧಿಕಾರವಿಲ್ಲ', ಪಕ್ಕದಲ್ಲಿ 'ಕಡತ ಸಂಖ್ಯೆ ಎಲ್ಲಿ?', ಕೆಳಗೆ 'ಪ್ರತಿ ಯಾರಿಗೆ?', ಕೊನೇಲಿ ದುಂಡಗೆ 10ಕ್ಕೆ 3. ಯಾರು ಮಾಡಿದ್ದು ಅಂತ ಕೇಳಲೇ ಇಲ್ಲ. ಬೋರ್ಡಿನ ಕಡೆ ತಿರುಗಿ, "ಯಜಮಾನಿಕೆ ಯಾರ ಕೈಲಿದೆ ಅಂತ ಗೊತ್ತಿಲ್ಲದೆ ಕಳ್ಳಸಹಿ ಹಾಕೋಕೆ ಹೋಗಬಾರದು" ಅಂತ ಶುರು ಮಾಡಿದವರು ಒಂದೂವರೆ ಗಂಟೆ ಬಿಡಲಿಲ್ಲ. ಕುಲಾಧಿಪತಿಗಳಾದ ರಾಜ್ಯಪಾಲರು ಮನೆದೇವರಿದ್ದ ಹಾಗೆ, ತಿಜೋರಿ ಕೀಲಿಕೈ ಸಿಂಡಿಕೇಟ್ ಹತ್ರ, ಅಡುಗೆ ಏನು ಮಾಡಬೇಕು ಅನ್ನೋದು ಅಕಾಡೆಮಿಕ್ ಕೌನ್ಸಿಲ್, ಸೆನೆಟ್ ಅಂದ್ರೆ ಬೀಗರೆಲ್ಲ ಸೇರೋ ಮದುವೆಮನೆ, ಕುಲಸಚಿವರು ಕಾಗದಪತ್ರ ನೋಡ್ಕೊಳ್ಳೋ ಶಾನುಭೋಗರು. ನಾವು ತಲೆ ಎತ್ತಲಿಲ್ಲ. ಆ ಹಾಳೆ ಒಂದು ವಾರ ಅಲ್ಲೇ ನೇತಾಡ್ತಿತ್ತು, ಲೈಬ್ರರಿ ಸೈನ್ಸ್ ಹುಡುಗೀರೆಲ್ಲ ಬಂದು ಓದ್ಕೊಂಡು ಹೋದ್ರು ಅನ್ನೋದೇ ದೊಡ್ಡ ಸಂಕಟ.

ಮುಂದೆ ಮೂವತ್ತು ವರ್ಷ ಸರ್ಕಾರಿ ನೌಕರಿಲಿ ಎಷ್ಟೋ ಸುತ್ತೋಲೆ ಬರೆದೆ, ಆಡಿಟ್‌ನವರಿಗೆ ಒಂದು ಕಾಮಾನೂ ಸಿಕ್ಕಿಲ್ಲ, ಇದು ಜಂಬ ಅಂದ್ಕೊಂಡ್ರೆ ಜಂಬವೇ ಸರಿ. ಈಗಿನ ಮಕ್ಕಳಿಗೆ ಮೊಬೈಲಿಗೆ ಪಿಡಿಎಫ್ ಬರುತ್ತೆ, ಸೆಮಿಸ್ಟರ್ ಮುಗಿಯೋದ್ರೊಳಗೆ ಮೇಷ್ಟ್ರ ಮುಖ ಸರಿಯಾಗಿ ಪರಿಚಯ ಆಗಿರಲ್ಲ, ಯೂನಿವರ್ಸಿಟಿ ಅಂದ್ರೆ ಮಾರ್ಕ್ಸ್ ಕಾರ್ಡ್ ಕೊಡೋ ಜಾಗ ಅಂತ ನನ್ನ ಮೊಮ್ಮಗನೂ ಅಂದ್ಕೊಂಡಿದ್ದಾನೆ. ಬೈದ್ರೆ ಏನುಪಯೋಗ.

ಕೊನೇ ಸಲ ಅವರ ಮನೆಗೆ ಹೋದಾಗ ಕಿವಿ ಮಂದ, ಹಾಸಿಗೆ ಮೇಲೇ ಇದ್ರು. "ಪಾಲು ಎಲ್ಲಿಗೆ ಬಂತಯ್ಯ?" ಅಂದ್ರು. ಜೋರಾಗಿ ಒಪ್ಪಿಸಿದೆ, ಅಂಚೆ ತೆರಪಿನ ಶಿಕ್ಷಣ 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯ ಆಗಿ ಹೋಯ್ತು, ಮೆಡಿಕಲ್ ಕಾಲೇಜುಗಳು ರಾಜೀವ್ ಗಾಂಧಿ ಯೂನಿವರ್ಸಿಟಿಗೆ, ಇಂಜಿನಿಯರಿಂಗು 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ (ವಿಟಿಯು), ಮೊನ್ನೆ ಮೊನ್ನೆ ಹಾಸನ, ಚಾಮರಾಜನಗರನೂ ಬೇರೆ ಅಂತ. ಬೆರಳು ಮಡಚ್ತಾ ಕೇಳಿದ್ರು. ಆಮೇಲೆ ತುಂಬ ಹೊತ್ತು ಕಣ್ಮುಚ್ಚಿದ್ದು,

"ಕುಕ್ಕರಹಳ್ಳಿ ಕೆರೆ ನಮ್ಮ ಪಾಲಲ್ಲೇ ಇದೆ ತಾನೆ?" ಅಂದ್ರು.

"ಇದೆ ಸಾರ್" ಅಂದೆ.