ಡೈಲಾಗ್ ಕೇಳಿಸಲಿಲ್ಲ ಅಂದರೆ ತಪ್ಪು ಯಾರದು?

ಶುಕ್ರವಾರ ಮೊದಲ ಶೋ ಬಿಟ್ಟ ಒಂದು ಗಂಟೆಯೊಳಗೆ ಮೂರು ಮಾತು ಹರಿದಾಡತೊಡಗುತ್ತವೆ. "ಪಿಚ್ಚರ್ ತುಂಬಾ ಡಾರ್ಕು", "ಡೈಲಾಗೇ ಕೇಳಿಸಲ್ಲ, ಬರೀ ಬಿಜಿಎಂ", "ಸೆಕೆಂಡ್ ಹಾಫ್ ಲ್ಯಾಗು". ಮೂರನೆಯದಕ್ಕೆ ನಿರ್ದೇಶಕರೇ ಉತ್ತರ ಕೊಡಬೇಕು, ಅದರಲ್ಲಿ ಮಾತಿಲ್ಲ. ಮೊದಲೆರಡರಲ್ಲಿ ಮಾತ್ರ ಎಷ್ಟೋ ಸಲ ತಪ್ಪು ಆ ಥಿಯೇಟರಿನದ್ದು. ತಿಂಗಳುಗಟ್ಟಲೆ ಕೂತು ನೆರಳು ಬೆಳಕು ತೂಗಿ ನೋಡಿದ ಛಾಯಾಗ್ರಾಹಕರು, ಒಂದೊಂದು ಸದ್ದನ್ನೂ ಜೋಡಿಸಿದ ಸೌಂಡ್ ಇಂಜಿನಿಯರುಗಳು ಹಳೇ ಲ್ಯಾಂಪು, ಕೆಟ್ಟ ಸ್ಪೀಕರಿನ ಪಾಪ ಹೊರಬೇಕಾಗುತ್ತದೆ. ಇದು ಅನ್ಯಾಯ. ಸಿನಿಮಾದ ತಪ್ಪು, ಥಿಯೇಟರಿನ ತಪ್ಪು ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದನ್ನು ಯಾರು ಬೇಕಾದರೂ ಕಲಿಯಬಹುದು.

ಪರೀಕ್ಷೆ ಶುರು ಮಾಡಬೇಕಾದದ್ದು ಸೆನ್ಸಾರ್ ಸರ್ಟಿಫಿಕೇಟಿನಿಂದ. ಅದು ಪರದೆಯ ಮೇಲೆ ಇರುವುದು ಕೆಲವೇ ಸೆಕೆಂಡು, ಆಗ ಎಲ್ಲರೂ ಶಿಳ್ಳೆ ಹೊಡೆಯುವುದರಲ್ಲಿ ಇರುತ್ತಾರೆ. ಆದರೆ ತಿಳಿ ಬಣ್ಣದ ಕಾಗದ, ಸಣ್ಣ ಅಕ್ಷರ, ಸುತ್ತಲೂ ಅಂಚು, ಇಷ್ಟೂ ಒಂದೇ ಫ್ರೇಮಿನಲ್ಲಿ ಮತ್ತೆ ಸಿಗುವುದಿಲ್ಲ. ನಡುವಿನ ಅಕ್ಷರ ಚೂಪಾಗಿದ್ದು ಎಡ ಅಥವಾ ಬಲ ಮೂಲೆಯದು ಮಾತ್ರ ಮಸುಕಾಗಿದ್ದರೆ ಲೆನ್ಸು ಪರದೆಗೆ ಸರಿಯಾಗಿ ನೇರವಾಗಿಲ್ಲ ಎಂದರ್ಥ. ಎಲ್ಲ ಕಡೆಯೂ ಮಸುಕಾಗಿದ್ದರೆ ಫೋಕಸ್ ಬಿಟ್ಟಿದೆ, ಇಲ್ಲವೇ ಪ್ರೊಜೆಕ್ಟರ್ ಕೋಣೆಯ ಗಾಜಿನ ಮೇಲೆ ಧೂಳು ಕೂತಿದೆ. ಕಾಗದ ಬಿಳಿಯಾಗಿ ಕಾಣದೆ ಬೂದುಬೂದಾಗಿದ್ದರೆ ಬೆಳಕು ಸಾಲುತ್ತಿಲ್ಲ. ನಡುವೆ ಹೊಳೆದು ಅಂಚಿಗೆ ಹೋಗುತ್ತಾ ಕಪ್ಪಾಗಿದ್ದರೆ ಅದು 3ಡಿಗಾಗಿ ಹಾಕಿಸಿದ ಬೆಳ್ಳಿ ಲೇಪದ ಪರದೆ ಇರಬಹುದು. ಅಂಥ ಪರದೆಯ ಮುಂದೆ ಮೂಲೆ ಸೀಟು ತೆಗೆದುಕೊಂಡರೆ ಅರ್ಧ ಚಿತ್ರ ನಿಮಗೆ ಮಬ್ಬಾಗಿಯೇ ಕಾಣುತ್ತದೆ.

ಫ್ರೇಮು ಕತ್ತರಿಸಿದೆಯೇ ಎಂದು ನೋಡಲು ಕನ್ನಡದ ಟೈಟಲ್ ಕಾರ್ಡಿಗಿಂತ ಒಳ್ಳೆಯ ಅಳತೆಗೋಲು ಇನ್ನೊಂದಿಲ್ಲ. ನಮ್ಮ ಒತ್ತಕ್ಷರಗಳು ಸಾಲಿನಿಂದ ಕೆಳಕ್ಕೆ ಇಳಿಯುತ್ತವೆ. ಕೆಳತುದಿಯಲ್ಲಿ ಬರುವ ಹೆಸರುಗಳಲ್ಲಿ ಒತ್ತು ಮಾತ್ರ ಕಾಣೆಯಾಗಿ ಮೇಲಿನ ಅಕ್ಷರ ಉಳಿದಿದ್ದರೆ ಚಿತ್ರ ಪರದೆಯ ಕಪ್ಪು ಬಟ್ಟೆಯ ಮೇಲೆ ಚೆಲ್ಲುತ್ತಿದೆ. ಧೂಮಪಾನದ ಎಚ್ಚರಿಕೆಯ ಸಾಲೂ ಅಲ್ಲೇ ಕೆಳಗೆ ಬರುವುದರಿಂದ ಮಧ್ಯದಲ್ಲಿ ಇನ್ನೊಮ್ಮೆ ಪರೀಕ್ಷಿಸಬಹುದು. ಇದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ. ಡಿಜಿಟಲ್ ಚಿತ್ರಗಳು ಮುಖ್ಯವಾಗಿ ಎರಡು ಆಕಾರದಲ್ಲಿ ಬರುತ್ತವೆ: ಎತ್ತರದ 1ಕ್ಕೆ ಅಗಲ 1.85 ಇರುವ ಫ್ಲ್ಯಾಟ್, 2.39 ಇರುವ ಸ್ಕೋಪ್. ಜಾಹೀರಾತು ಫ್ಲ್ಯಾಟಿನಲ್ಲಿ ಓಡಿ ಸಿನಿಮಾ ಸ್ಕೋಪಿನಲ್ಲಿ ಶುರುವಾದಾಗ, ಇಲ್ಲವೇ ಇದರ ತಿರುಗುಮುರುಗಾದಾಗ, ಲೆನ್ಸಿನ ಜೂಮ್ ಬದಲಾಗಬೇಕು. ಪ್ಲೇಲಿಸ್ಟಿನಲ್ಲಿ ಆ ಸೂಚನೆ ತಪ್ಪಿದರೆ ಒಂದೋ ಚಿತ್ರ ಹೊರಕ್ಕೆ ಚೆಲ್ಲುತ್ತದೆ, ಇಲ್ಲವೇ ನಾಲ್ಕೂ ಕಡೆ ಕಪ್ಪು ಬಿಟ್ಟು ನಡುವೆ ಅಂಚೆ ಚೀಟಿಯಷ್ಟಾಗುತ್ತದೆ. ಗುಂಡಿ ಒತ್ತಿ ಹತ್ತು ಸೆಕೆಂಡಿನಲ್ಲಿ ಸರಿಮಾಡುವ ಕೆಲಸ. ಹೇಳುವವರಿಲ್ಲದೆ ಎರಡೂವರೆ ಗಂಟೆ ಹಾಗೇ ಓಡಿಬಿಡುತ್ತದೆ.

ಈಗ ಕತ್ತಲಿನ ವಿಷಯ. 2ಡಿ ಸಿನಿಮಾಗೆ ಪರದೆಯ ಮಧ್ಯದಲ್ಲಿ 14 ಫುಟ್ ಲ್ಯಾಂಬರ್ಟ್, ಅಂದರೆ ಚದರ ಮೀಟರಿಗೆ 48 ಕ್ಯಾಂಡೆಲಾ ಬೆಳಕು ಇರಬೇಕೆಂಬುದು ಮಾನದಂಡ. ಕಲರ್ ಗ್ರೇಡಿಂಗ್ ಮಾಡುವ ಕೋಣೆಯಲ್ಲೂ ಅಷ್ಟೇ ಬೆಳಕಿಟ್ಟು ಬಣ್ಣ ಹೊಂದಿಸಿರುತ್ತಾರೆ. ಥಿಯೇಟರಿನ ಝೆನಾನ್ ಲ್ಯಾಂಪು ಹೊಸದರಲ್ಲಿ ಆ ಅಳತೆ ಮುಟ್ಟಿ, ಗಂಟೆಗಳು ಕಳೆದಂತೆ ಕುಗ್ಗುತ್ತಾ ಹೋಗುತ್ತದೆ. ಅವಧಿ ಮುಗಿದರೂ ಬದಲಾಯಿಸದೆ ಓಡಿಸುವುದು, ಬಾಳಿಕೆ ಬರಲೆಂದು ಮೊದಲಿನಿಂದಲೂ ಕಡಿಮೆ ಕರೆಂಟಿನಲ್ಲಿ ಉರಿಸುವುದು, ಎರಡೂ ನಡೆಯುತ್ತವೆ. ಹಗಲಿನ ದೃಶ್ಯದಲ್ಲಿ ನಷ್ಟ ಗೊತ್ತಾಗುವುದಿಲ್ಲ, ಕಣ್ಣು ಹೊಂದಿಕೊಂಡುಬಿಡುತ್ತದೆ. ರಾತ್ರಿಯ ದೃಶ್ಯದಲ್ಲಿ ಮಾತ್ರ ಗೋಡೆಗೂ ಮನುಷ್ಯನಿಗೂ ನಡುವಿನ ತೆಳು ವ್ಯತ್ಯಾಸ ಅಳಿಸಿಹೋಗಿ ಎಲ್ಲ ಒಂದೇ ಮಸಿಯಾಗುತ್ತದೆ.

3ಡಿಯಲ್ಲಿ ಲೆಕ್ಕ ಇನ್ನೂ ಕಠಿಣ. ಫಿಲ್ಟರು, ಕನ್ನಡಕ ಎರಡನ್ನೂ ದಾಟಿ ಕಣ್ಣಿಗೆ ಬರುವುದು ಸುಮಾರು 4.5 ಫುಟ್ ಲ್ಯಾಂಬರ್ಟ್ ಇದ್ದರೆ ಅದೇ ಒಳ್ಳೆಯ ಪ್ರದರ್ಶನ, ಅಂದರೆ 2ಡಿಯ ಮೂರನೇ ಒಂದು ಭಾಗ. 2022ರ 'ವಿಕ್ರಾಂತ್ ರೋಣ' ನೆನಪಿಸಿಕೊಳ್ಳಿ. ಬಹುಪಾಲು ಕಾಡು, ಮಳೆ, ರಾತ್ರಿ. ಅದನ್ನು 2ಡಿಯಲ್ಲಿ ನೋಡಿದವರೂ ಹಳೇ ಲ್ಯಾಂಪಿನ ಎದುರು 3ಡಿ ಕನ್ನಡಕ ಹಾಕಿಕೊಂಡು ನೋಡಿದವರೂ ಒಂದೇ ಸಿನಿಮಾ ನೋಡಿದ್ದೇವೆ ಎಂದು ವಾದ ಮಾಡುವುದರಲ್ಲಿ ಅರ್ಥವಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ರಾತ್ರಿಯಲ್ಲಿ ನಡೆಯುವ ಕಥೆಯಾದರೆ, ಥಿಯೇಟರಿನಲ್ಲಿ ಲೇಸರ್ ಪ್ರೊಜೆಕ್ಟರ್ ಇದೆ ಎಂದು ಖಾತ್ರಿಯಾಗುವವರೆಗೆ 2ಡಿ ಟಿಕೆಟ್ಟೇ ತೆಗೆದುಕೊಳ್ಳಬೇಕು. ಕೆಲವು ಕಡೆ 3ಡಿ ಶೋ ಮುಗಿದ ಮೇಲೆ ಆ ಫಿಲ್ಟರನ್ನು ಲೆನ್ಸಿನ ಮುಂದಿನಿಂದ ತೆಗೆಯದೆ ಮುಂದಿನ 2ಡಿ ಶೋ ಓಡಿಸುತ್ತಾರೆ. ಪಕ್ಕದ ಸ್ಕ್ರೀನಿನಲ್ಲಿ ಬೆಳ್ಳಗೆ ಕಂಡ ಟ್ರೇಲರ್ ಇಲ್ಲಿ ಮಂಕಾಗಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಚಿಕ್ಕ ಊರುಗಳ ಹಲವು ಸಿಂಗಲ್ ಸ್ಕ್ರೀನುಗಳಲ್ಲಿ ಇರುವುದು ಇ-ಸಿನಿಮಾ ದರ್ಜೆಯ, ಅಂದರೆ ಡಿಜಿಟಲ್ ಸಿನಿಮಾದ ಪೂರ್ಣ ಮಾನದಂಡಕ್ಕಿಂತ ಕೆಳಗಿನ ಪ್ರೊಜೆಕ್ಟರ್. ಅಲ್ಲಿ ಕಪ್ಪು ಎಂಬುದು ಕಪ್ಪಾಗುವುದಿಲ್ಲ, ಬೂದಿಯ ಬಣ್ಣವಾಗುತ್ತದೆ. ಮೆಟ್ಟಿಲ ದೀಪ, ಬಾಗಿಲ ಮೇಲಿನ ಹಸಿರು ದೀಪ ಪರದೆಗೆ ಹೊಡೆಯುತ್ತಿದ್ದರೂ ಹೀಗೇ ಆಗುತ್ತದೆ.

ಹಾಗಾದರೆ ಛಾಯಾಗ್ರಾಹಕರ ತಪ್ಪೇ ಇರುವುದಿಲ್ಲವೇ? ಇರುತ್ತದೆ. ಸರ್ಟಿಫಿಕೇಟು ಬೆಳ್ಳಗಿದ್ದು, ಹಗಲಿನ ದೃಶ್ಯದಲ್ಲಿ ಆಕಾಶ ಹೊಳೆಯುತ್ತಾ, ರಾತ್ರಿಯ ದೃಶ್ಯದಲ್ಲಿ ದೀಪ ಮಾತ್ರ ಚೆನ್ನಾಗಿ ಬೆಳಗಿ ನಟನ ಮುಖ ಕಾಣದಿದ್ದರೆ ಅದು ಅವರೇ ಮಾಡಿಕೊಂಡ ಆಯ್ಕೆ. ಅದನ್ನು ಧಾರಾಳವಾಗಿ ಟೀಕಿಸಬಹುದು.

ಸದ್ದಿನ ಕಥೆ ಇನ್ನೂ ದೊಡ್ಡದು. ಡೈಲಾಗ್ ಬರುವುದು ಪರದೆಯ ಹಿಂದೆ ನಟ್ಟನಡುವೆ ಇರುವ ಒಂದೇ ಸ್ಪೀಕರಿನಿಂದ, ಪರದೆಯ ಸಣ್ಣ ಸಣ್ಣ ತೂತುಗಳ ಮೂಲಕ. ಮ್ಯೂಸಿಕ್ ಎಡ ಬಲದಿಂದ, ಮಳೆ ಗಾಳಿ ಗೋಡೆಯ ಸ್ಪೀಕರುಗಳಿಂದ. ನಡುವಿನ ಸ್ಪೀಕರಿನಲ್ಲಿ ತೀಕ್ಷ್ಣ ಸದ್ದು ಹೊರಡಿಸುವ ಮೇಲಿನ ಭಾಗ, ಅಂದರೆ ಹಾರ್ನ್, ಸುಟ್ಟುಹೋಗಿದ್ದರೆ ಧ್ವನಿ ನಿಲ್ಲುವುದಿಲ್ಲ, ಕಂಬಳಿ ಹೊದ್ದು ಮಾತಾಡಿದಂತಾಗುತ್ತದೆ. ಸ, ಶ, ಚ, ಥ ಇಂಥ ಅಕ್ಷರಗಳ ಜೀವ ಇರುವುದೇ ಎತ್ತರದ ಕಂಪನಗಳಲ್ಲಿ, ಮೊದಲು ಸಾಯುವುದೂ ಅವೇ. "ಸಾಕು" ಎಂಬುದು "ಆಕು" ಎಂದು ಕೇಳುತ್ತದೆ. ಉಪಭಾಷೆಯ ಸಿನಿಮಾ ಆದರಂತೂ ಮುಗಿಯಿತು. 2022ರ 'ಕಾಂತಾರ'ದ ಕುಂದಾಪ್ರ ಕನ್ನಡವನ್ನು ಬಯಲುಸೀಮೆಯ ಕಿವಿ ಹೇಗೂ ಒಂದು ಕ್ಷಣ ತಡವಾಗಿ ಹಿಡಿಯುತ್ತದೆ. ಅದರ ಮೇಲೆ ವ್ಯಂಜನಗಳೂ ಕರಗಿದರೆ ಪಕ್ಕದಲ್ಲಿ ಎಲ್ಲರೂ ನಗುವಾಗ ಏನಂದ ಎಂದು ಕೇಳುವ ಪರಿಸ್ಥಿತಿ. ಅದನ್ನೇ "ಭಾಷೆ ಅರ್ಥ ಆಗಲಿಲ್ಲ" ಎಂದು ಬರೆದುಬಿಡುತ್ತಾರೆ.

ಇನ್ನೊಂದು ಕಾರಣ ಫೇಡರ್, ಅಂದರೆ ಇಡೀ ಹಾಲಿನ ಸದ್ದು ಏರಿಸಿ ಇಳಿಸುವ ಗುಂಡಿ. ಹೆಚ್ಚಿನ ಥಿಯೇಟರುಗಳ ಸೌಂಡ್ ಪ್ರೊಸೆಸರಿನಲ್ಲಿ 0ಯಿಂದ 10ರವರೆಗೆ ಅಂಕೆ ಇರುತ್ತದೆ. ಸ್ಟುಡಿಯೋದಲ್ಲಿ ಮಾತು, ಸಂಗೀತ, ಸದ್ದು ಬೆರೆಸುವ ಮಿಕ್ಸಿಂಗ್ ಆಗಿರುವುದು 7ಕ್ಕೆ. ಅಲ್ಲಿ ಪರದೆಯ ಹಿಂದಿನ ಒಂದೊಂದು ಸ್ಪೀಕರೂ ಪರೀಕ್ಷಾ ಸದ್ದಿಗೆ 85 ಡೆಸಿಬಲ್ ಕೊಡುವಂತೆ ಹೊಂದಿಸಿರಬೇಕು. 4ರಿಂದ ಮೇಲೆ ಒಂದೊಂದು ಅಂಕೆಗೆ ಸುಮಾರು 3.3 ಡೆಸಿಬಲ್ ವ್ಯತ್ಯಾಸ. ಜಾಹೀರಾತು, ಟ್ರೇಲರುಗಳನ್ನು ಜೋರಾಗಿ ಮಿಕ್ಸ್ ಮಾಡಿರುತ್ತಾರೆ, ಯಾರೋ ಕಿವಿ ಮುಚ್ಚಿಕೊಂಡು ದೂರು ಕೊಡುತ್ತಾರೆ, ಸಿಬ್ಬಂದಿ ಬಂದು 4.5ಕ್ಕೆ ಇಳಿಸುತ್ತಾರೆ. ಸಿನಿಮಾ ಶುರುವಾದ ಮೇಲೆ ವಾಪಸ್ ಏರಿಸಲು ಯಾರೂ ಬರುವುದಿಲ್ಲ. ಎಂಟು ಡೆಸಿಬಲ್ ಅಲ್ಲೇ ಹೋಯಿತು. ಫೈಟು ಹೇಗಿದ್ದರೂ ಕೇಳುತ್ತದೆ, ಪಿಸುಮಾತು ಎಸಿ ಸದ್ದಿನಲ್ಲಿ ಮುಳುಗುತ್ತದೆ. 'ಕಾಂತಾರ'ದ ದೈವದ ಕೂಗು ಎದೆಗೆ ಬಡಿಯುವುದು ಕೂಗು ಜೋರಾಗಿದೆ ಎಂಬ ಒಂದೇ ಕಾರಣಕ್ಕಲ್ಲ, ಅದರ ಹಿಂದಿನ ಮೌನಕ್ಕೆ. ಆ ಮೌನದಲ್ಲಿರುವ ಸಣ್ಣ ಸದ್ದು ಕಾಣೆಯಾದರೆ ಕೂಗು ಬರೀ ಕೂಗಾಗಿ ಉಳಿಯುತ್ತದೆ.

ಹಾಗಿದ್ದೂ ತಪ್ಪು ಯಾರದೆಂದು ತೀರ್ಮಾನಿಸಲು ಒಂದು ಸುಲಭ ದಾರಿ ಇದೆ. ಮನೆಯೊಳಗೆ, ಸಂಗೀತವಿಲ್ಲದೆ ಇಬ್ಬರು ಕೂತು ಮಾತಾಡುವ ದೃಶ್ಯ ಬಂದಾಗ ಗಮನ ಕೊಡಿ. ಅಲ್ಲಿಯೂ ಮಾತು ಮಬ್ಬಾಗಿದ್ದರೆ ಸ್ಪೀಕರು. ಮಬ್ಬಿಲ್ಲದೆ ಬರೀ ಸಣ್ಣಗಿದ್ದರೆ ಫೇಡರು. ಅಲ್ಲಿ ಸ್ಫಟಿಕದಂತೆ ಕೇಳಿ, ಹಿನ್ನೆಲೆ ಸಂಗೀತ ಬಂದಾಗಲೆಲ್ಲ ಮಾತು ಸತ್ತರೆ ಅದು ಮಿಕ್ಸಿಂಗಿನ ತಪ್ಪು. ಇಲ್ಲಿ ನಮ್ಮ ದೊಡ್ಡ ಬಜೆಟ್ಟಿನ ಸಿನಿಮಾಗಳು ಬೈಸಿಕೊಳ್ಳಲೇಬೇಕು. ಹೀರೋ ನಡೆದರೂ ತಿರುಗಿದರೂ ಡ್ರಮ್ಸು ಬಾರಿಸಿ, ಬರಹಗಾರ ಕಷ್ಟಪಟ್ಟು ಬರೆದ ಸಾಲನ್ನು ಅದರಡಿ ಹೂತುಹಾಕುವುದು ಕೆಟ್ಟ ಅಭ್ಯಾಸ. ಯಾವ ಥಿಯೇಟರೂ ಅದನ್ನು ಸರಿಮಾಡಲಾರದು.

ತುಟಿ ಒಂದು ಕಡೆ, ಮಾತು ಒಂದು ಕಡೆ ಆದಾಗಲೂ ಹೀಗೇ. ಒಬ್ಬ ನಟನದು ಮಾತ್ರ ಹೊಂದುತ್ತಿಲ್ಲವಾದರೆ ಡಬ್ಬಿಂಗು. ಎಲ್ಲರದೂ ಒಂದೇ ಅಳತೆಯಲ್ಲಿ, ಬಾಗಿಲು ಬಡಿದ ಸದ್ದೂ ಸೇರಿ ತಡವಾಗುತ್ತಿದ್ದರೆ ಥಿಯೇಟರಿನ ಸೆಟ್ಟಿಂಗು. ದೊಡ್ಡ ಹಾಲಿನ ಹಿಂದಿನ ಸಾಲಿಗೆ 30 ಮೀಟರ್ ದಾಟಿ ಬರಲು ಸದ್ದಿಗೆ ಸುಮಾರು 90 ಮಿಲಿಸೆಕೆಂಡ್ ಬೇಕು, ಎರಡು ಫ್ರೇಮಿನಷ್ಟು. ಅಷ್ಟನ್ನು ಕ್ಷಮಿಸಬೇಕು.

ಸೀಟಿನ ಆಯ್ಕೆ ಇದಕ್ಕೇ ಸಂಬಂಧಿಸಿದ್ದು. ಪರದೆಯಿಂದ ಹಿಂದಕ್ಕೆ ಮೂರನೇ ಎರಡು ಭಾಗದ ಸಾಲು, ನಟ್ಟನಡುವೆ. ಮಿಕ್ಸಿಂಗ್ ಕೋಣೆಯಲ್ಲಿ ಇಂಜಿನಿಯರ್ ಕೂರುವುದೂ ಸರಿಸುಮಾರು ಅಲ್ಲೇ. ಪರದೆಯ ಅಗಲದ ಒಂದರಿಂದ ಒಂದೂವರೆ ಪಟ್ಟು ದೂರ ಎಂದರೂ ಅದೇ ಜಾಗ ಬರುತ್ತದೆ. ಕೊನೆಯ ಸಾಲಿನ ರಿಕ್ಲೈನರಿಗೆ ಹೆಚ್ಚು ದುಡ್ಡು, ಆದರೆ ಹಿಂದಿನ ಗೋಡೆಗೆ ಒರಗಿದರೆ ಬಾಸ್ ಗುಂಯ್‌ಗುಡುತ್ತದೆ, ತಲೆಯ ಹಿಂದಿನ ಸ್ಪೀಕರು ಡೈಲಾಗನ್ನು ನುಂಗುತ್ತದೆ. ಬಾಲ್ಕನಿ ಇರುವ ಹಳೇ ಥಿಯೇಟರಿನಲ್ಲಿ ಕೆಳಗೆ ಕೂರುವುದಾದರೆ ಬಾಲ್ಕನಿಯ ಚಾವಣಿಯ ಅಡಿಗೆ ಹೋಗಬೇಡಿ.

ಮೊದಲ ದಿನ ಬೆಳಗಿನ ಶೋ ತಡವಾದಾಗ ಗಲಾಟೆ ಶುರುವಾಗುತ್ತದಲ್ಲ, ಅದಕ್ಕೆ ಹೆಚ್ಚಾಗಿ ಕಾರಣ ಕೆಡಿಎಂ ಎಂಬ ಡಿಜಿಟಲ್ ಕೀಲಿ. ಹಾರ್ಡ್ ಡಿಸ್ಕಿನಲ್ಲೋ ಸ್ಯಾಟಲೈಟಿನಲ್ಲೋ ಬಂದ ಸಿನಿಮಾ ಬೀಗ ಹಾಕಿಕೊಂಡೇ ಇರುತ್ತದೆ, ಕೀಲಿ ಬೇರೆಯಾಗಿ ಬರುತ್ತದೆ. ಆ ಕೀಲಿ ಒಂದು ಸರ್ವರಿಗೆ, ಇಂಥ ದಿನ ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಮಾತ್ರ. ಬಾಕಿ ಹಣದ ತಕರಾರಿನಲ್ಲಿ ಅದು ತಡವಾಗಬಹುದು, ಸರ್ವರ್ ಬದಲಾಗಿದ್ದರೆ ಬಂದ ಕೀಲಿ ತೆರೆಯದೇ ಇರಬಹುದು. ಕುರ್ಚಿ ಮುರಿದರೆ ಕೀಲಿ ಬೇಗ ಬರುವುದಿಲ್ಲ.

ತೊಂದರೆ ಕಂಡರೆ ಮೊದಲ ಹತ್ತು ನಿಮಿಷದಲ್ಲೇ ಎದ್ದು ಹೋಗಿ ಹೇಳಬೇಕು. ಈಗಿನ ಮಲ್ಟಿಪ್ಲೆಕ್ಸಿನಲ್ಲಿ ಪ್ರತಿ ಹಾಲಿಗೊಬ್ಬ ಆಪರೇಟರ್ ಇರುವುದಿಲ್ಲ, ಎಲ್ಲ ಕಂಪ್ಯೂಟರಿನ ವೇಳಾಪಟ್ಟಿಯಲ್ಲಿ ಓಡುತ್ತದೆ. ಒಳಗೆ ಏನಾಗುತ್ತಿದೆ ಎಂದು ಅವರಿಗೆ ಗೊತ್ತಾಗುವುದೇ ನಾವು ಹೇಳಿದಾಗ. ಬಾಗಿಲಲ್ಲಿ ಟಾರ್ಚು ಹಿಡಿದು ನಿಂತವರಿಗೆ ಹೇಳಿ ಪ್ರಯೋಜನವಿಲ್ಲ, ಡ್ಯೂಟಿ ಮ್ಯಾನೇಜರನ್ನು ಕರೆಸಿ. "ಸೌಂಡು ಸರಿಯಿಲ್ಲ" ಎಂದರೆ ಇಡೀ ವಾಲ್ಯೂಮ್ ಏರಿಸಿ ಹೋಗುತ್ತಾರೆ. "4ನೇ ಸ್ಕ್ರೀನಿನಲ್ಲಿ ಸೆಂಟರ್ ಸ್ಪೀಕರ್ ಮಬ್ಬಾಗಿದೆ", "ಫೇಡರ್ ಎಷ್ಟಕ್ಕಿದೆ ನೋಡಿ", "ಸ್ಕೋಪ್ ಸಿನಿಮಾ ಫ್ಲ್ಯಾಟ್ ಲೆನ್ಸ್ ಸೆಟ್ಟಿಂಗಿನಲ್ಲಿ ಓಡುತ್ತಿದೆ" ಎಂದು ಬಿಡಿಸಿ ಹೇಳಿದರೆ ಮಾತ್ರ ಸರಿಯಾದ ಕಡೆ ಕೈ ಹಾಕುತ್ತಾರೆ. ಸುಟ್ಟ ಹಾರ್ನ್ ಆ ಹೊತ್ತಿಗೆ ದುರಸ್ತಿಯಾಗದು. ಆಗ ಇಂಟರ್ವಲ್ಲಿಗೂ ಮೊದಲೇ ಬೇರೆ ಶೋಗೆ ಟಿಕೆಟ್ ಬದಲಾಯಿಸಿ ಕೊಡಲು ಕೇಳಿ.

ಒಟಿಟಿಗೆ ಬಂದ ಮೇಲೆ ಇನ್ನೊಮ್ಮೆ ನೋಡಿ ಹೋಲಿಸುವುದಾದರೆ ಟಿವಿಯ ಪವರ್ ಸೇವಿಂಗ್ ಮೋಡ್, ಚಲನೆಯನ್ನು ನಯ ಮಾಡುವ ಮೋಷನ್ ಸೆಟ್ಟಿಂಗ್ ಎರಡನ್ನೂ ಆಫ್ ಮಾಡಿ. ಮೊದಲನೆಯದು ರಾತ್ರಿಯ ದೃಶ್ಯವನ್ನು ಕೊಲ್ಲುತ್ತದೆ, ಎರಡನೆಯದು 24 ಫ್ರೇಮಿನ ಸಿನಿಮಾವನ್ನು ಸೀರಿಯಲ್ಲಿನಂತೆ ಮಾಡುತ್ತದೆ. ಬರೀ ಟಿವಿ ಸ್ಪೀಕರ್ ಇದ್ದರೆ ಆಡಿಯೋ 5.1 ಬಿಟ್ಟು ಸ್ಟೀರಿಯೋ ಆರಿಸಿಕೊಳ್ಳಿ. ಮನೆಗೆಂದು ಹಲವು ಸಿನಿಮಾಗಳಿಗೆ ಬೇರೆ ಮಿಕ್ಸ್ ಮಾಡಿರುತ್ತಾರೆ, ಆದ್ದರಿಂದ ಇಲ್ಲಿ ಡೈಲಾಗ್ ಸ್ಪಷ್ಟವಾಗಿ ಕೇಳಿತು ಎಂಬುದೊಂದೇ ಥಿಯೇಟರಿನ ಮೇಲೆ ಪೂರ್ತಿ ಸಾಕ್ಷಿಯಲ್ಲ. ಕತ್ತಲು ಮಾತ್ರ ಒಳ್ಳೆಯ ಸಾಕ್ಷಿ. ಥಿಯೇಟರಿನಲ್ಲಿ ಮಸಿಯಾಗಿದ್ದ ಗೋಡೆಯ ಮೇಲೆ ಇಲ್ಲಿ ಫೋಟೋ, ಕ್ಯಾಲೆಂಡರು, ಬಾಗಿಲ ಹಿಂದೆ ನಿಂತ ಮನುಷ್ಯ ಕಂಡರೆ, ಅವನು ಅಂದೂ ಅಲ್ಲೇ ನಿಂತಿದ್ದ.