ಖಂಡೇನವಮಿಗೆ ಮುಂಚಿನ ರವಿವಾರ

ಶಹಾಬಾದ್, ಕಲಬುರಗಿ ಜಿಲ್ಲೆ
ರವಿವಾರ, 6 ಅಕ್ಟೋಬರ್ 2024

ಈ ವಾರದ ಕೊನೆಗೆ ಖಂಡೇನವಮಿ. ಪ್ರತಿ ವರ್ಷ ಅದಕ್ಕೆ ಮುಂಚಿನ ರವಿವಾರ ಶೆಡ್ಡಿನಲ್ಲಿ ಕಲ್ಲು ಕೊಯ್ಯುವ ಕೆಲಸವನ್ನು ಪೂರ್ತಿ ನಿಲ್ಲಿಸಿ, ಎಲ್ಲ ಕಟಿಂಗ್ ಮಷಿನುಗಳನ್ನು ಬಿಚ್ಚಿ ನೋಡುವುದು ನಾನು ಇಟ್ಟುಕೊಂಡು ಬಂದ ಪದ್ಧತಿ. ಕುಂಕುಮ ಹಚ್ಚಿ ಕೈಮುಗಿಯುವ ಸಲಕರಣೆ ಒಳಗೆ ಧೂಳು ತುಂಬಿಕೊಂಡು ಕುಳಿತಿರಬಾರದು ಎಂಬುದು ನನ್ನ ಭಾವನೆ. ಈ ವರ್ಷ ಮಾತ್ರ ಆ ಕೆಲಸಕ್ಕೆ ಕುಳಿತಾಗ ಮನಸ್ಸು ಭಾರವಾಗಿತ್ತು. ಗುರುವಾರ ನಡೆದದ್ದು ಇನ್ನೂ ಕಣ್ಣ ಮುಂದಿದೆ.

ಅಂದು ನನ್ನ ತಂಗಿಯ ಮಗ ನಾಲ್ಕು ಇಂಚಿನ ಗ್ರೈಂಡರಿನಲ್ಲಿ ಫರಸಿ ಕಲ್ಲಿನ ಅಂಚು ಕೊಯ್ಯುತ್ತಿದ್ದಾಗ ಕರೆಂಟು ಹೋಯಿತು. ಅವನು ಮಷಿನನ್ನು ಕಲ್ಲಿನ ಥಪ್ಪಿಯ ಮೇಲಿಟ್ಟು ನೀರು ಕುಡಿಯಲು ಹೋದ. ಹತ್ತು ನಿಮಿಷದ ಮೇಲೆ ಕರೆಂಟು ಮರಳಿದಾಗ, ಯಾರೂ ಮುಟ್ಟದ ಆ ಮಷಿನು ತಾನಾಗಿಯೇ ತಿರುಗತೊಡಗಿ, ಥಪ್ಪಿಯಿಂದ ಜಿಗಿದು, ವೈರಿನ ತುದಿಗೆ ಕಟ್ಟಿದ ಹೋರಿಯಂತೆ ನೆಲದ ಮೇಲೆ ಸುತ್ತು ಹೊಡೆಯಿತು. ನಾನು ಓಡಿಹೋಗಿ ಬೋರ್ಡಿನಿಂದ ಪಿನ್ನು ಕಿತ್ತೆ. ಹುಡುಗ ನಾಲ್ಕು ಮಾರು ದೂರದಲ್ಲಿದ್ದುದರಿಂದ ಏನೂ ಆಗಲಿಲ್ಲ. "ಮಾಮಾ, ಕರೆಂಟ್ ಹೋಗ್ಯಾದಂತ ಕೆಳಗ ಇಟ್ಟೀನಿ, ಬಟನ್ ಬಂದ್ ಮಾಡೋದು ಮರತೀನಿ" ಎಂದು ಅವನು ಅಳುಮೋರೆ ಮಾಡಿ ನಿಂತ. ನಾನು ಬೈಯಲಿಲ್ಲ. ಆ ಹತ್ತು ನಿಮಿಷದ ಬಿಡುವಿನಲ್ಲಿ ಅವನು ಮಷಿನಿನ ಬಿಲ್ಲೆ, ಅಂದರೆ ಕೊಯ್ಯುವ ಚಕ್ರ, ಬದಲಿಸಲು ಕುಳಿತಿದ್ದರೆ ಇಂದು ಅವನ ಬೆರಳುಗಳು ಇರುತ್ತಿರಲಿಲ್ಲ ಎಂಬ ಯೋಚನೆಯೇ ನನ್ನ ಬಾಯಿ ಕಟ್ಟಿಸಿತ್ತು.

ನಮ್ಮಲ್ಲಿ ಹೆಚ್ಚಾಗಿ ಬಳಸುವ ಗ್ರೈಂಡರುಗಳ ಬಟನ್ನು ಮುಂದಕ್ಕೆ ತಳ್ಳಿ ಒತ್ತಿದರೆ ಅಲ್ಲಿಯೇ ಕಚ್ಚಿಕೊಂಡು ನಿಲ್ಲುತ್ತದೆ. ಕೆಲಸಗಾರನ ಬೆರಳಿಗೆ ಅದರಿಂದ ಆರಾಮ ಹೌದು, ಆದರೆ ಕರೆಂಟು ಹೋದ ಕೂಡಲೇ ಆ ಬಟನ್ನು ತಾನಾಗಿ ಹಿಂದೆ ಸರಿಯುವುದಿಲ್ಲ. ಸದ್ದು ನಿಂತ ಮಷಿನನ್ನು ನಾವು ಬಂದಾದ ಮಷಿನೆಂದು ತಿಳಿಯುತ್ತೇವೆ. ಹೊಲದಲ್ಲಿ ಪಂಪ್‌ಸೆಟ್ ಇರುವ ರೈತರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೋಟಾರಿನ ಸ್ಟಾರ್ಟರಿನ ಒಳಗಿನ ಕಾಯಿಲ್ ಕರೆಂಟು ಹೋದೊಡನೆ ತನ್ನ ಹಿಡಿತ ಬಿಡುವುದರಿಂದ, ಕರೆಂಟು ಮರಳಿದರೂ ಯಾರಾದರೂ ಹೋಗಿ ಹಸಿರು ಬಟನ್ ಒತ್ತುವವರೆಗೆ ಮೋಟಾರು ಶುರುವಾಗುವುದಿಲ್ಲ. ಗ್ರೈಂಡರಿನಲ್ಲಿಯೂ ಇಂಥ ರಕ್ಷಣೆ ಇರುವ ಮಾದರಿಗಳು ಬಂದಿವೆ, ಆದರೆ ನನ್ನ ಶೆಡ್ಡಿನ ಆರು ಮಷಿನುಗಳಲ್ಲಿ ಒಂದರಲ್ಲಿಯೂ ಅದಿಲ್ಲ.

ಬೆಳಿಗ್ಗೆ ಮೊದಲು ಬಿಲ್ಲೆಗಳನ್ನು ನೋಡಿದೆವು. ಹುಡುಗನನ್ನು ಗೋಡೆಯ ಬಳಿ ಕರೆದೊಯ್ದು, ಮೊಳೆಗೆ ತೂಗುಹಾಕಿರುವ ಅಂಗೈಯಗಲದ ಬಿಲ್ಲೆ ಚೂರನ್ನು ಅವನ ಕೈಗೆ ಕೊಟ್ಟೆ. ಅದರ ಒಂದು ಅಂಚು ಗುಂಡಾಗಿದೆ, ಉಳಿದೆರಡು ಅಂಚುಗಳಲ್ಲಿ ಜಾಳಿಗೆಯ ಎಳೆಗಳು ಹರಿದು ಕೂದಲಿನಂತೆ ಹೊರಚಾಚಿವೆ. 2009ರಲ್ಲಿ ಕಬ್ಬಿಣದ ಆ್ಯಂಗಲ್ ಒಂದನ್ನು ಬೇಗ ಕತ್ತರಿಸುವ ಅವಸರದಲ್ಲಿ, ನಾಲ್ಕು ಇಂಚಿನ ಮಷಿನಿನ ಗಾರ್ಡು ಬಿಚ್ಚಿ ಏಳು ಇಂಚಿನ ಬಿಲ್ಲೆ ಹಾಕಿದವನು ನಾನೇ. ದೊಡ್ಡ ಬಿಲ್ಲೆಯ ನಡುವಿನ ತೂತು 22 ಮಿಲಿಮೀಟರಿಗಿಂತ ತುಸು ಹೆಚ್ಚು, ಚಿಕ್ಕದರದು 16 ಮಿಲಿಮೀಟರ್; ಆ ಸಂದಿಗೆ ವಾಶರ್ ತುಂಬಿ ಬಿಗಿದಿದ್ದೆ. ಬಿಲ್ಲೆ ಒಡೆದು, ಈ ಚೂರು ನನ್ನ ಕಿವಿಯ ಪಕ್ಕದಿಂದ ಹಾದು ತಗಡಿನ ಬಾಗಿಲನ್ನು ಸೀಳಿ ಅದರಲ್ಲಿಯೇ ಸಿಕ್ಕಿಕೊಂಡಿತು.

ಅದು ಏಕೆ ಒಡೆಯಿತೆಂಬುದನ್ನು ಅವನಿಗೆ ಲೆಕ್ಕ ಹಾಕಿಯೇ ತೋರಿಸಿದೆ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದಕ್ಕೆಂದೇ ಮಾಡಿದ ಬಿಲ್ಲೆಯ ಮೇಲೆ ಗರಿಷ್ಠ ವೇಗ 15,000ಕ್ಕೂ ಹೆಚ್ಚೆಂದು ಅಚ್ಚಾಗಿರುತ್ತದೆ, ಏಳು ಇಂಚಿನದರ ಮೇಲೆ ಸುಮಾರು 8,500 ಮಾತ್ರ. ಎರಡೂ ಸಂಖ್ಯೆಗಳ ಮೂಲ ಒಂದೇ: ಬಿಲ್ಲೆಯ ಅಂಚು ಸೆಕೆಂಡಿಗೆ 80 ಮೀಟರಿಗಿಂತ ವೇಗವಾಗಿ ಓಡಬಾರದು. ಚಿಕ್ಕ ಮಷಿನಿನಲ್ಲಿ ದೊಡ್ಡ ಬಿಲ್ಲೆ ತಿರುಗಿದರೆ ಆ ಅಂಚು 100 ಮೀಟರನ್ನು ದಾಟುತ್ತದೆ, ಅಂದರೆ ಗಂಟೆಗೆ 360 ಕಿಲೋಮೀಟರಿಗಿಂತ ಹೆಚ್ಚು. ಅಷ್ಟು ವೇಗದಲ್ಲಿ ಬಿಲ್ಲೆ ಚೂರಾಗಿ ಸಿಡಿಯುವಾಗ ನಮ್ಮ ಮುಖಕ್ಕೂ ಅದಕ್ಕೂ ನಡುವೆ ಇರಬೇಕಾದದ್ದು ಗಾರ್ಡು. ನಾನು ಅದನ್ನೇ ಬಿಚ್ಚಿ ಮೂಲೆಗೆ ಎಸೆದಿದ್ದೆ.

ಕಬ್ಬಿಣ ಕತ್ತರಿಸುವ ಬಿಲ್ಲೆಗಳು ರಾಳದಿಂದ ಬೆಸೆದವು, ಅವುಗಳಿಗೂ ಆಯುಷ್ಯವಿದೆ. ನಡುವಿನ ಲೋಹದ ಉಂಗುರದ ಮೇಲೆ ತಿಂಗಳು ಮತ್ತು ವರ್ಷ ಒತ್ತಿರುತ್ತಾರೆ; ತಯಾರಾದಂದಿನಿಂದ ಸಾಮಾನ್ಯವಾಗಿ ಮೂರು ವರ್ಷ. ತೇವ ಕುಡಿದರೆ ಅವಧಿಗೆ ಮುಂಚೆಯೇ ಶಕ್ತಿ ಕಳೆದುಕೊಳ್ಳುತ್ತವೆ. ಈ ಮಳೆಗಾಲದಲ್ಲಿ ನೆಲಕ್ಕೆ ತಾಗಿಸಿಟ್ಟಿದ್ದ ಒಂದು ಕಟ್ಟು ಪೂರ್ತಿ ಅವಧಿ ಮೀರಿತ್ತು. ಹುಡುಗ ಅವುಗಳನ್ನು ನೋಡಿ ಹೊಸವೇ ಇವೆಯಲ್ಲ ಎಂದ. ಒಂದೊಂದನ್ನೂ ಅವನ ಕೈಯಿಂದಲೇ ಸುತ್ತಿಗೆಯಲ್ಲಿ ಒಡೆಸಿದೆ, ಏಕೆಂದರೆ ಇಡಿಯಾಗಿ ಎಸೆದ ಬಿಲ್ಲೆ ಇನ್ನೊಬ್ಬನ ಮಷಿನಿಗೆ ಏರದೆ ಇರುವುದಿಲ್ಲ. ಕಲ್ಲಿನ ಡೈಮಂಡ್ ಬಿಲ್ಲೆಗಳಲ್ಲಿ ಎರಡು ಮೊಂಡಾಗಿದ್ದವು. ಮೊಂಡಾದ ಬಿಲ್ಲೆಯನ್ನು ಕಲ್ಲಿನ ಮೇಲೆ ಒತ್ತಿ ಓಡಿಸಿದರೆ ಬಿಸಿಯಾಗಿ ಡೊಂಕಾಗುತ್ತದೆ. ಮೆತ್ತನೆಯ ಇಟ್ಟಿಗೆಯಲ್ಲಿ ನಾಲ್ಕಾರು ಗೀರು ಎಳೆದಾಗ ಹೊಸ ಹರಳು ಮೇಲೆ ಬಂದು ಮತ್ತೆ ಚೆನ್ನಾಗಿ ಕೊಯ್ಯತೊಡಗಿದವು.

ನಂತರ ಮಷಿನುಗಳನ್ನು ಬಿಚ್ಚಿದೆವು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಸಿಮೆಂಟಿಗೆ ಒದಗುವ ಜಾತಿಯದು. ಅದರ ನುಣ್ಣನೆಯ ಪುಡಿ ಗಾಳಿಕಿಂಡಿಗಳಲ್ಲಿ ಸೇರಿ, ಮಳೆಗಾಲದ ತೇವಕ್ಕೆ ಗಾರೆಯಂತೆ ಗಟ್ಟಿಯಾಗಿ ಕುಳಿತಿತ್ತು. ಗಾಳಿ ಆಡದ ಮೋಟಾರು ಒಳಗೇ ಬೆಂದುಹೋಗುತ್ತದೆ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಐದಾರು ಮಿಲಿಮೀಟರಿಗೆ ಸವೆದಿದ್ದರೆ ಜೋಡಿಯಾಗಿಯೇ ಬದಲಿಸುವುದು ನಮ್ಮ ನಿಯಮ, ಏಕೆಂದರೆ ಒಂದನ್ನೇ ಬದಲಿಸಿದರೆ ಬ್ರಷ್ ಉಜ್ಜುವ ತಾಮ್ರದ ಬಳೆಯಲ್ಲಿ, ಅಂದರೆ ಕಾಮ್ಯುಟೇಟರಿನಲ್ಲಿ, ಕಿಡಿ ಹೆಚ್ಚುತ್ತದೆ. ಒಂದು ಮಷಿನಿನ ವೈರು ಹಿಡಿಯ ಬುಡದಲ್ಲಿ, ರಬ್ಬರ್ ತೋಳಿನ ಒಳಗೆ ತುಂಡಾಗಿತ್ತು. ಹೊರಗೆ ಯಾರೋ ಟೇಪು ಸುತ್ತಿದ್ದರು. ನಾನು ಒಂದು ಗೇಣು ಕತ್ತರಿಸಿ ತೆಗೆದು, ಒಳಗಿನ ಕ್ಲಾಂಪಿಗೆ ಮರಳಿ ಬಿಗಿದೆ. ಮೈಮೇಲೆ ಚೌಕದೊಳಗೊಂದು ಚೌಕದ ಗುರುತಿರುವ ಮಷಿನುಗಳಿಗೆ ಎರಡು ಪದರಿನ ಇನ್ಸುಲೇಶನ್ ಇರುವುದರಿಂದ ಎರಡೇ ಎಳೆಯ ವೈರು ಸಾಕು. ಆದರೆ ಹಳೆಯ ಕಬ್ಬಿಣದ ಮೈಯ ಡ್ರಿಲ್ಲಿಗೆ ಅರ್ಥಿಂಗ್ ಇಲ್ಲದೆ ಪಿನ್ನು ಹಾಕಲೇಬಾರದು. ನೀರು ಬಿಟ್ಟುಕೊಂಡು ಕೊಯ್ಯುವ ಜಾಗಕ್ಕೆ ಕರೆಂಟು ಸೋರಿದರೆ ಲೈನನ್ನು ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಇದೆ, ಅದರ ಟೆಸ್ಟ್ ಬಟನ್ ಒತ್ತಿ ಬೀಳುತ್ತದೆಯೇ ಎಂದು ನೋಡಿದೆ. ಬಿತ್ತು.

ಇನ್ನೊಂದು ಮಾತನ್ನು ಹುಡುಗನಿಗೆ ಕಟ್ಟುನಿಟ್ಟಾಗಿ ಹೇಳಿದೆ. ಮುಖಕ್ಕೆ ದಸ್ತಿ ಕಟ್ಟಿಕೊಂಡು ಅದರ ತುದಿಯನ್ನು ಎದೆಯ ಮೇಲೆ ಇಳಿಬಿಡುವುದು ನಮ್ಮ ಕಡೆಯ ರೂಢಿ. ತಿರುಗುವ ಬಿಲ್ಲೆ ಆ ತುದಿಯನ್ನು ಹಿಡಿದರೆ ಮಷಿನನ್ನೇ ಗಂಟಲ ಕಡೆಗೆ ಎಳೆದು ತರುತ್ತದೆ. ಮೇಲಾಗಿ ನುಣ್ಣನೆಯ ಧೂಳನ್ನು ದಸ್ತಿ ತಡೆಯುವುದಿಲ್ಲ. ಅಪರೂಪಕ್ಕೆ ಗ್ರಾನೈಟ್ ಕೆಲಸ ಬರುತ್ತದೆ. ಅದರ ಧೂಳಿನಲ್ಲಿ ಸಿಲಿಕಾ ಹೆಚ್ಚು, ಅದರಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ಗುಣವಿಲ್ಲ. ಆದ್ದರಿಂದ ನೀರು ಬಿಟ್ಟೇ ಕೊಯ್ಯಬೇಕು, ಎನ್‌95 ಮಾಸ್ಕ್ ಮತ್ತು ಕನ್ನಡಕ ಎರಡೂ ಇರಬೇಕು. ಅವನು ಮಾಸ್ಕಿನೊಳಗೆ ಉಸಿರು ಕಟ್ಟುತ್ತದೆ ಎಂದ. ನಮ್ಮ ಬಿಸಿಲಿನಲ್ಲಿ ಅದು ನಿಜವೇ. ಹಾಗಿದ್ದರೆ ಅರ್ಧ ಗಂಟೆಗೊಮ್ಮೆ ನೆರಳಿಗೆ ಬಂದು ತೆಗೆದು ಕೂಡು, ಕೂಲಿ ಕಡಿಯುವುದಿಲ್ಲ ಎಂದೆ.

ಮಧ್ಯಾಹ್ನ ಜೋಳದ ರೊಟ್ಟಿ ಉಂಡಾದ ಮೇಲೆ ಪರಿಚಯದ ಎಲೆಕ್ಟ್ರಿಷಿಯನ್ ಬಂದು, ಕೊಯ್ಯುವ ಜಾಗದ ಸಾಕೆಟ್ಟುಗಳ ಲೈನಿಗೆ ಪಂಪ್‌ಸೆಟ್ಟಿನಲ್ಲಿ ಇರುವಂಥ ಕಾಯಿಲ್ ಸ್ಟಾರ್ಟರ್ ಕೂಡಿಸಿದರು. ಹುಡುಗ ಒಂದು ಗ್ರೈಂಡರಿನ ಬಿಲ್ಲೆ ತೆಗೆದು, ಅದನ್ನು ಮರದ ಹಲಗೆಗೆ ಬಿಗಿಯಾಗಿ ಕಟ್ಟಿ, ಬಟನ್ನು ಮುಂದಕ್ಕೆ ತಳ್ಳಿ ಓಡಿಸಿದ. ನಾನು ಮೇನ್ ಇಳಿಸಿದೆ, ಮಷಿನು ನಿಂತಿತು. ಮೇನ್ ಏರಿಸಿದೆ. ಬಟನ್ನು ಮುಂದೆಯೇ ಕಚ್ಚಿಕೊಂಡಿದ್ದರೂ ಮಷಿನು ಅಲುಗಲಿಲ್ಲ. ಹುಡುಗ ಹಸಿರು ಬಟನ್ನಿನ ಕಡೆ ಕೈ ಚಾಚಿದವನು ಅರ್ಧಕ್ಕೇ ನಿಂತು, ಹಿಂದಿರುಗಿ ಹೋಗಿ ಗ್ರೈಂಡರಿನ ಬಟನ್ನು ಬಂದ್ ಮಾಡಿ, ಉಳಿದ ಐದು ಮಷಿನುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿ ಬಂದು, ಆಮೇಲೆ ಒತ್ತಿದ.